ಕಿಡಿ ಹಾರುವ ಹೊತ್ತು

ಕೇಳುಗ ಮಿತ್ರರಿಗೆ ನಮಸ್ಕಾರ.

ಮಲೆನಾಡಿನ ಅಡಿಕೆ ತೋಟಗಳಲ್ಲಿ ಮಳೆಗಾಲ ಬಂತೆಂದರೆ ಹುಲ್ಲು ಹೊಡೆಯುವ ಮೆಷಿನ್ನಿನ ಸದ್ದು ಶುರು. ಹೆಗಲಿಗೆ ನೇತುಹಾಕಿಕೊಳ್ಳುವ ಆ ಪುಟ್ಟ ಟೂ ಸ್ಟ್ರೋಕ್ ಎಂಜಿನ್ನು ನಿಮಿಷಕ್ಕೆ 6000 ಸುತ್ತು ತಿರುಗುತ್ತಿದೆ ಎನ್ನಿ. ಸುತ್ತಿಗೊಂದು ಕಿಡಿ, ಅಂದರೆ ಸೆಕೆಂಡಿಗೆ 100. ಒಂದೊಂದು ಕಿಡಿಯೂ ತನ್ನ ಹೊತ್ತಿಗೇ ಹಾರಬೇಕು. ಇದನ್ನೇ ಮೆಕ್ಯಾನಿಕ್‌ಗಳು ಟೈಮಿಂಗ್ ಅನ್ನುವುದು.

ಕಿಡಿ ತಾಗಿದ ಕೂಡಲೇ ಪೆಟ್ರೋಲು ಒಮ್ಮೆಗೇ ಉರಿದು ಮುಗಿಯುವುದಿಲ್ಲ. ಪ್ಲಗ್ಗಿನ ತುದಿಯಿಂದ ಉರಿ ಹರಡುತ್ತಾ ಹೋಗಬೇಕು. ಈ ವೇಗದಲ್ಲಿ ಬರೀ 1 ಮಿಲಿಸೆಕೆಂಡ್ ಕಳೆಯುವಷ್ಟರಲ್ಲಿ ಎಂಜಿನ್ನಿನ ತಿರುಗುವ ಶಾಫ್ಟು, ಅಂದರೆ ಕ್ರ್ಯಾಂಕು, 36 ಡಿಗ್ರಿ ತಿರುಗಿಬಿಟ್ಟಿರುತ್ತದೆ! ಹಾಗಾಗಿ ಪಿಸ್ಟನ್ ಮೇಲಿನ ತುದಿ ಮುಟ್ಟುವುದಕ್ಕೆ ಸುಮಾರು 25-30 ಡಿಗ್ರಿ ಮುಂಚೆಯೇ ಕಿಡಿ ಕೊಡುತ್ತಾರೆ. ಇನ್ನೂ ಮುಂಚೆಯಾದರೆ ಮೇಲೇರುವ ಪಿಸ್ಟನ್ನಿಗೇ ಹೊಡೆತ. ಸ್ಟಾರ್ಟ್ ಮಾಡುವಾಗ ಹಗ್ಗ ಕೈಯಿಂದ ಕಿತ್ತುಕೊಂಡು ಹೋಗುತ್ತದೆ. ತಡವಾದರೆ ಸೈಲೆನ್ಸರ್ ಬಿಸಿಯೇರುತ್ತದೆ, ಎಳೆಯುವ ದಮ್ಮು ಇರುವುದಿಲ್ಲ.

ಹಿಂದೆ ಸರಿಯಾದ ಹೊತ್ತಿಗೆ ಕಿಡಿ ಹಾರಿಸುವ ಕೆಲಸ ಸಿಬಿ ಪಾಯಿಂಟಿನದು, ಅಂದರೆ ತೆರೆದುಕೊಂಡಾಗ ಕಿಡಿ ಹಾರಿಸುವ ಪುಟ್ಟ ಸ್ವಿಚ್ಚಿನದು. ಮೈಸೂರಿನಲ್ಲಿ ತಯಾರಾಗುತ್ತಿದ್ದ ಯೆಜ್ದಿ ಬೈಕು ಬಿಚ್ಚಿದವರಿಗೆ ಇದು ಗೊತ್ತು. ಪಾಯಿಂಟಿನ ನಡುವೆ ತೆಳ್ಳನೆಯ ಕಾಗದದ ಚೂರು ಸಿಕ್ಕಿಸಿ, ಎಂಜಿನ್ನನ್ನು ಕೈಯಲ್ಲಿ ಮೆಲ್ಲಗೆ ತಿರುಗಿಸುತ್ತಾ ಕಾಗದವನ್ನು ಹಗುರವಾಗಿ ಎಳೆಯುವುದು. ಅದು ಸಡಿಲವಾಗಿ ಜಾರಿದ ಜಾಗವೇ ಕಿಡಿಯ ಜಾಗ. ಆದರೆ ಪಾಯಿಂಟನ್ನು ತೆರೆಸುವ ತಿರುಗುವ ಉಬ್ಬಿಗೆ, ಅಂದರೆ ಕ್ಯಾಮಿಗೆ, ಉಜ್ಜುವ ಹಿಮ್ಮಡಿ ಸವೆದಂತೆಲ್ಲ ಪಾಯಿಂಟು ತೆರೆಯುವುದು ತಡವಾಗಿ, ಟೈಮಿಂಗ್ ತಾನಾಗಿಯೇ ಹಿಂದೆ ಬೀಳುತ್ತಿತ್ತು.

ಎಲೆಕ್ಟ್ರಾನಿಕ್ ಇಗ್ನಿಷನ್ ಈ ಸವೆತವನ್ನೇ ಇಲ್ಲವಾಗಿಸಿತು. 1969ರ ಕವಾಸಾಕಿ ಎಚ್1 ಬೈಕಿನಲ್ಲೇ ಸಿಡಿಐ, ಅಂದರೆ ಕೆಪಾಸಿಟರ್ ಡಿಸ್ಚಾರ್ಜ್ ಇಗ್ನಿಷನ್, ಇತ್ತು. ಸಿಡಿಐಯಲ್ಲಿ ವಿದ್ಯುತ್ತು ಕೂಡಿಡುವ ಒಂದು ಕೆಪಾಸಿಟರ್ ನೂರಾರು ವೋಲ್ಟಿಗೆ ಚಾರ್ಜ್ ಆಗಿ ಕಾಯುತ್ತಿರುತ್ತದೆ. ಅಯಸ್ಕಾಂತ ಹಾದುಹೋದದ್ದನ್ನು ಗುರುತಿಸುವ ಪಿಕಪ್ ಕಾಯಿಲ್‌ನಿಂದ ಸಂಕೇತ ಬಂದೊಡನೆ ಅದೆಲ್ಲ ವೋಲ್ಟೇಜ್ ಏರಿಸುವ ಇಗ್ನಿಷನ್ ಕಾಯಿಲ್‌ಗೆ ನುಗ್ಗಿ, ಪ್ಲಗ್ಗಿನಲ್ಲಿ ಸಾವಿರಾರು ವೋಲ್ಟಿನ ಕಿಡಿಯಾಗುತ್ತದೆ. ಡಿಜಿಟಲ್ ಮಾದರಿಗಳಲ್ಲಿ ವೇಗ ನೋಡಿ ಕಿಡಿಯನ್ನು ಹಿಂದೆ ಮುಂದೆ ಮಾಡುವ ಚಿಪ್ಪೂ ಇದೆ.

ಮೆಷಿನ್ನು ಸ್ಟಾರ್ಟ್ ಆಗದಿದ್ದರೆ "ಕಾಯಿಲ್ ಹೋಗಿದೆ, ಹೊಸದು ಹಾಕಿ" ಎಂಬ ಮಾತು ಬಲು ಬೇಗ ಬರುತ್ತದೆ. ದಯವಿಟ್ಟು ಒಂದು ನಿಮಿಷ ತಡೆಯಿರಿ. ಎಲೆಕ್ಟ್ರಾನಿಕ್ ಆದರೂ ಕಿಡಿಯ ಹೊತ್ತು ಹುಟ್ಟುವುದು ಶಾಫ್ಟಿನ ತುದಿಯಲ್ಲಿ ತಿರುಗುವ ಭಾರದ ಚಕ್ರದ, ಅಂದರೆ ಫ್ಲೈವೀಲಿನ, ಅಯಸ್ಕಾಂತದಿಂದಲೇ. ಆ ಫ್ಲೈವೀಲನ್ನು ಶಾಫ್ಟಿನ ಇಳಿಜಾರು ಭಾಗ, ಅಂದರೆ ಟೇಪರ್, ಹಿಡಿದಿಟ್ಟಿರುತ್ತದೆ. ಪುಟ್ಟ ಕೀ, ಅಂದರೆ ತೋಡಿನಲ್ಲಿ ಕೂರುವ ಲೋಹದ ಚೂರು, ಇರುವುದು ಜಾಗ ತೋರಿಸಲು, ಭಾರ ಹೊರಲು ಅಲ್ಲ. ಫ್ಲೈವೀಲಿನ ನಟ್ಟು ಸಡಿಲವಾದರೆ ಕೀ ಕತ್ತರಿಸಿ ಫ್ಲೈವೀಲು ಜಾರುತ್ತದೆ. 12 ಮಿ.ಮೀ. ದಪ್ಪದ ಶಾಫ್ಟಿನ ಮೇಲೆ 1 ಮಿ.ಮೀ. ಜಾರಿದರೂ ಟೈಮಿಂಗ್ ಸುಮಾರು ಒಂಬತ್ತೂವರೆ ಡಿಗ್ರಿ ತಪ್ಪಿತು! ಕಿಡಿ ಚೆನ್ನಾಗಿಯೇ ಕಾಣುತ್ತದೆ, ಎಂಜಿನ್ ಮಾತ್ರ ಏಳುವುದಿಲ್ಲ. ಹೊಸ ಕಾಯಿಲ್ ಹಾಕಿದರೂ ಅಷ್ಟೇ.

ಅದಕ್ಕೇ ಮೊದಲು ಪ್ಲಗ್ಗಿನ ಕ್ಯಾಪು ತೆಗೆದಿಟ್ಟು, ಫ್ಲೈವೀಲು ಬಿಚ್ಚಿಸಿ, ಕೀ ಮತ್ತು ಅದು ಕೂರುವ ತೋಡು ಎದುರುಬದುರಾಗಿವೆಯೇ ನೋಡಿ. ಕೆಲವು ಎಂಜಿನ್ನುಗಳಲ್ಲಿ ಕೀ ಫ್ಲೈವೀಲಿನಲ್ಲೇ ಎರಕವಾಗಿರುತ್ತದೆ. ಅದು ತುಂಡಾಗಿದ್ದರೆ ಫ್ಲೈವೀಲನ್ನೇ ಬದಲಿಸಬೇಕು. ಮತ್ತೆ ಕೂರಿಸುವಾಗ ಟೇಪರಿನ ಮೇಲೆ ಎಣ್ಣೆ, ಗ್ರೀಸು ಉಳಿಯದಂತೆ ಒರೆಸಿ, ಕೈಪಿಡಿಯಲ್ಲಿ ಹೇಳಿದಷ್ಟು ನಟ್ಟು ಬಿಗಿಸಿ. ಕಾಯಿಲ್‌ಗೂ ಅಯಸ್ಕಾಂತಕ್ಕೂ ನಡುವಿನ ಸಂದು ಸಾಮಾನ್ಯವಾಗಿ 0.3 ಮಿ.ಮೀ. ಆಸುಪಾಸಿನದು. ಸಂದು ಅಳೆಯುವ ಫೀಲರ್ ಗೇಜ್ ಇಲ್ಲದಿದ್ದರೆ ಒಂದು ವಿಸಿಟಿಂಗ್ ಕಾರ್ಡು ನಡುವೆ ಇಟ್ಟು ಸ್ಕ್ರೂ ಬಿಗಿಸಿ, ಆಮೇಲೆ ಕಾರ್ಡು ಎಳೆದು ತೆಗೆಯಿರಿ.

ನಮಸ್ಕಾರ.