ಕೈ ಇವನದ್ದು, ತಲೆ ಅವನದ್ದು

ನಮಸ್ಕಾರ. ಹೊರಗೆ ತೀರ್ಥಹಳ್ಳಿಯ ಮಳೆ, ಒಳಗೆ ನನ್ನ ಮೇಜು. ಮೈಕಿನಲ್ಲಿ ಹಂಚಿನ ಸದ್ದು ಕೇಳಿಸಿದರೆ ಸಹಿಸಿಕೊಳ್ಳಿ. ಈ ತಿಂಗಳು ಅದು ನಿಲ್ಲುವ ಹಾಗೆ ಕಾಣುತ್ತಿಲ್ಲ.

ಕ್ಯಾಮೆರಾ ಹತ್ತಿರ ತರುತ್ತೇನೆ, ನೋಡಿ. ಈ ಗೊಂಬೆ ಸುಮಾರು ಮೂರಿಂಚು. ತಲೆ ಹಿಡಿದು ಮೇಲಕ್ಕೆ ಎಳೆದೆ, ಬಂತು. ಭುಜ ಎಳೆದೆ, ಅದೂ ಬಂತು. ಮುಂಗೈ, ಸೊಂಟ, ತೊಡೆ, ಪಾದ, ಎಲ್ಲ ಬಿಡಿಬಿಡಿ. ಒಂದು ತುಂಡಿಗೆ ಗುಂಡನೆಯ ಪೆಗ್, ಇನ್ನೊಂದಕ್ಕೆ ಅದೇ ಅಳತೆಯ ತೂತು. ಸ್ಕ್ರೂ ಇಲ್ಲ, ಸ್ಪ್ರಿಂಗ್ ಇಲ್ಲ, ಅಂಟೂ ಇಲ್ಲ. ಬಿಗಿಯಾಗಿ ಕೂತಿರುತ್ತೆ, ಅಷ್ಟೇ. ಈಗ ಈ ಹಸಿರು ತೋಳನ್ನು ಆ ಕಿತ್ತಳೆ ಮೈಗೆ ಒತ್ತಿದರೆ… ಟಕ್. ಕೇಳಿಸಿತಾ? ಈ ಸದ್ದಿಗೇ ನಾನು ದುಡ್ಡು ಸುರಿಯುವುದು.

ಇವನು ಫೇಡೆನ್. ಅಮೆರಿಕದ ಓನೆಲ್ ಡಿಸೈನ್ ಅನ್ನುವ ಪುಟ್ಟ ತಂಡದ ಗೊಂಬೆ. ಮ್ಯಾಟ್ ಡೌಟಿ ಅನ್ನುವವರು 2007ರಲ್ಲಿ ಶುರು ಮಾಡಿದ ಈ ಸರಣಿಗೆ ಗ್ಲಯೋಸ್ ಅಂತ ಹೆಸರು. ಬಿಚ್ಚಿ ಜೋಡಿಸುವ ಐಡಿಯಾ ಅದಕ್ಕಿಂತ ಹಳೆಯದು. ಜಪಾನಿನ ಟಕಾರಾ ಕಂಪನಿ 1974ರಲ್ಲೇ ಮೈಕ್ರೋಮ್ಯಾನ್ ತಂದಿತ್ತು. 1976ರಲ್ಲಿ ಮೆಗೋ ಕಂಪನಿ ಅದನ್ನೇ ಅಮೆರಿಕದಲ್ಲಿ ಮೈಕ್ರೊನಾಟ್ಸ್ ಅಂತ ಮಾರಿತು. ಆದರೆ ಗ್ಲಯೋಸ್ ಕೀಲಿನ ಮಜಾ ಬೇರೆ. ಇದನ್ನು ಬೇರೆ ಸಣ್ಣ ತಯಾರಕರೂ ತಮ್ಮ ಗೊಂಬೆಗಳಿಗೆ ಹಾಕಿಕೊಂಡರು. ಔಟರ್ ಸ್ಪೇಸ್ ಮೆನ್ ಅಂತ 1968ರಲ್ಲಿ ಬಗ್ಗುವ ಗೊಂಬೆಗಳು ಬಂದಿದ್ದವು. ಅವನ್ನು ಫೋರ್ ಹಾರ್ಸ್‌ಮೆನ್ ತಂಡ ಮತ್ತೆ ತಂದಾಗ ಒಳಗಿದ್ದದ್ದು ಇದೇ ಕೀಲು. ಅಂದರೆ ಒಬ್ಬರು ಮಾಡಿದ ತಲೆ ಇನ್ನೊಬ್ಬರು ಮಾಡಿದ ಮೈಮೇಲೆ ಕೂರುತ್ತೆ. ದೊಡ್ಡ ಕಂಪನಿಗಳು ಹೀಗೆ ಕೊಟ್ಟು ತಗೊಂಡದ್ದನ್ನು ನೋಡಿದ್ದೀರಾ?

ನಮ್ಮ ಕಡೆಯವರಿಗೆ ಇದನ್ನು ವಿವರಿಸುವುದು ಸುಲಭ. ಯಕ್ಷಗಾನದ ಚೌಕಿಯೊಳಗೆ, ಅಂದರೆ ವೇಷ ಕಟ್ಟುವ ಜಾಗದೊಳಗೆ, ಒಮ್ಮೆ ಇಣುಕಿದ್ದರೆ ಸಾಕು. ಅದೇ ಪೆಟ್ಟಿಗೆಯ ಕಿರೀಟ, ಅದೇ ಭುಜಕೀರ್ತಿ. ಇವತ್ತು ಇವರ ಮೈಮೇಲೆ ದೇವೇಂದ್ರ, ನಾಳೆ ಇನ್ನೊಬ್ಬರ ಮೈಮೇಲೆ ಕೌರವ.

ಒಂದೇ ಗೊಂಬೆಯನ್ನು ಯಾಕಿಷ್ಟು ಬಣ್ಣದಲ್ಲಿ ಮಾಡುತ್ತಾರೆ ಅಂತ ತುಂಬ ಜನ ಕೇಳುತ್ತಾರೆ. ದುಡ್ಡು ಕೀಳೋಕೆ ಅಲ್ವಾ ಅಂತ. ಲೆಕ್ಕ ಸ್ವಲ್ಪ ಬೇರೆ. ಪ್ಲಾಸ್ಟಿಕ್ ಸುರಿಯುವ ಲೋಹದ ಅಚ್ಚು ಇದೆಯಲ್ಲ, ಅದನ್ನು ಕೊರೆಸುವುದೇ ದೊಡ್ಡ ಖರ್ಚು. ಸಣ್ಣ ತಂಡಕ್ಕೆ ಹೊಸ ಅಚ್ಚು ಅಂದರೆ ಮನೆ ಕಟ್ಟಿಸುವಷ್ಟೇ ತಲೆಬಿಸಿ. ಅಚ್ಚು ಒಮ್ಮೆ ಕೈಗೆ ಬಂದರೆ ಪ್ಲಾಸ್ಟಿಕ್ಕಿನ ಬಣ್ಣ ಬದಲಿಸುವುದು ಅಗ್ಗ. ಹಾಗಾಗಿ ಅದೇ ಗೊಂಬೆ ನೀಲಿಯಲ್ಲಿ, ಪಾರದರ್ಶಕದಲ್ಲಿ, ಕತ್ತಲಲ್ಲಿ ಹೊಳೆಯುವುದರಲ್ಲಿ ಬರುತ್ತೆ. ಮೇಲೆ ಪೇಂಟ್ ಮಾಡಿದವೂ ಇವೆ, ಬೆಲೆ ಜಾಸ್ತಿ. ನನಗೆ ಅವು ಅಷ್ಟಕ್ಕಷ್ಟೇ. ಬಿಚ್ಚಿ ಹಾಕಿ ಮಾಡಿದರೆ ಕೀಲಿನ ಹತ್ತಿರ ಬಣ್ಣ ಉಜ್ಜಿ ಹೋಗುತ್ತೆ. ಬಿಚ್ಚದೆ ಇಡುವುದಾದರೆ ಇಂಥ ಗೊಂಬೆ ಯಾಕೆ ಬೇಕು ಮಾರಾಯ್ರೆ?

ಪೆಗ್ ಬಿಗಿಯಾಗಿ ಬರದೇ ಇದ್ದರೆ ಎಳೆದಾಡಬೇಡಿ, ಮುರಿದು ತೂತಿನೊಳಗೇ ಉಳಿಯುತ್ತೆ. ನಮ್ಮನೆಯಲ್ಲಿ ಉಪಾಯ ಬಚ್ಚಲಲ್ಲೇ ಇದೆ. ಹಂಡೆಯಿಂದ ಒಂದು ತಂಬಿಗೆ ಬಿಸಿನೀರು ತಂದೆ. ಕೀಲು ಮುಳುಗುವ ಹಾಗೆ ಸ್ವಲ್ಪ ಹೊತ್ತು ಹಿಡಿದೆ. ಈ ಗೊಂಬೆಗಳ ಪ್ಲಾಸ್ಟಿಕ್ ಪಿವಿಸಿ, ಬಿಸಿಗೆ ಮೆದುವಾಗುತ್ತೆ. ಎಳೆಯುವುದಲ್ಲ, ಹೀಗೆ ನಿಧಾನ ತಿರುಗಿಸುತ್ತಾ ಬಿಡಿಸಬೇಕು. ನೋಡಿ, ಬಂತು. ಕೀಲು ಸಡಿಲವಾಗಿದ್ದರೆ ಪೆಗ್ಗಿಗೆ ಬಣ್ಣವಿಲ್ಲದ ನೇಲ್ ಪಾಲಿಶ್ ತೆಳ್ಳಗೆ ಒಂದು ಕೋಟ್ ಹಚ್ಚಿ. ಪೂರ್ತಿ ಒಣಗಿದ ಮೇಲೇ ಸಿಕ್ಕಿಸಿ, ಇಲ್ಲದಿದ್ದರೆ ಅಲ್ಲೇ ಅಂಟಿಕೊಂಡು ಬಿಡುತ್ತೆ.

ಅಮ್ಮನಿಗೆ ಇದೆಲ್ಲ ಆಗಿ ಬರುವುದಿಲ್ಲ. "ಹಬ್ಬದ ದಿನ ಕೈಕಾಲು ಕಿತ್ತು ಹರಡಿಕೊಂಡು ಕೂತಿದ್ದೀಯಲ್ಲೋ ಪುಟ್ಟಾ, ಎತ್ತಿಡೋ" ಅಂತಾರೆ. ಎತ್ತಿಡೋಕೆ ಅಂತಲೇ ಶಿವಮೊಗ್ಗದ ಗಾಂಧಿ ಬಜಾರಿನಿಂದ ಈ ಖಾನೆಗಳ ಡಬ್ಬಿ ತಂದದ್ದು. ಮಣಿ, ಗುಂಡಿ ಇಡುತ್ತಾರಲ್ಲ, ಅದೇ. ಒಂದರಲ್ಲಿ ತಲೆಗಳು, ಒಂದರಲ್ಲಿ ಪಾದಗಳು. ತಲೆಗಳ ಖಾನೆ ತೆರೆದಾಗ ಎಲ್ಲ ಒಟ್ಟಿಗೆ ನಮ್ಮನ್ನೇ ನೋಡುತ್ತವೆ, ಸ್ವಲ್ಪ ವಿಚಿತ್ರ ಅನ್ನಿಸುತ್ತೆ.

ಮಲೆನಾಡಿನಲ್ಲಿ ಇದ್ದುಕೊಂಡು ರಟ್ಟಿನ ಪ್ಯಾಕೆಟ್ ಸಮೇತ ಕೂಡಿಡುತ್ತೇನೆ ಅಂದರೆ ಅದು ಆಗದ ಮಾತು. ಮಳೆಗಾಲದಲ್ಲಿ ಚಪ್ಪಲಿಗೇ ಬೂಸ್ಟು ಹಿಡಿಯುವ ಊರು ಇದು. ರಟ್ಟನ್ನು ಬಿಟ್ಟೀತೇ? ಹಾಗಂತ ಗೊಂಬೆಯನ್ನು ಗಾಳಿಯಾಡದ ಕವರಿಗೆ ತುಂಬಿಡುವುದೂ ಒಳ್ಳೆಯದಲ್ಲ. ಪಿವಿಸಿಯನ್ನು ಮೆದು ಮಾಡೋಕೆ ಸೇರಿಸಿರುವ ಎಣ್ಣೆಯಂಥ ಪದಾರ್ಥ ವರ್ಷ ಕಳೆದಂತೆ ಹೊರಗೆ ಒಸರಿ, ಮೈಯೆಲ್ಲ ಅಂಟಂಟಾಗುತ್ತೆ. ಪಾತ್ರೆ ತೊಳೆಯುವ ಸೋಪಿನ ನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿದರೆ ಸರಿಹೋಗುತ್ತೆ. ಒಣಗೋಕೆ ಮಾತ್ರ ಇಲ್ಲಿ ಎರಡು ದಿನ ಬೇಕು.

ಇದೇ ಮಳೆ ಇನ್ನೊಂದು ಕಡೆ ಲಾಭವೂ ಹೌದು. ಬನ್ನಿ, ತೋಟದ ಪಾಗಾರದ ಹತ್ತಿರ ಹೋಗೋಣ. ಜಂಬಿಟ್ಟಿಗೆ ಕಲ್ಲಿನ ಮೇಲೆ ಪಾಚಿ ನೋಡಿ, ಬೆರಳು ಇಟ್ಟರೆ ಹೂತು ಹೋಗುತ್ತೆ. ಮೂರಿಂಚಿನವನನ್ನು ಇದರಲ್ಲಿ ನಿಲ್ಲಿಸಿದರೆ ಮೊಣಕಾಲುದ್ದ ಕಾಡು. ಮೊಬೈಲನ್ನು ತಲೆಕೆಳಗು ಮಾಡಿ ಹಿಡಿಯಿರಿ, ಆಗ ಲೆನ್ಸ್ ನೆಲಕ್ಕೆ ಹತ್ತಿರ ಬರುತ್ತೆ, ಗೊಂಬೆ ಆಳೆತ್ತರ ಕಾಣುತ್ತೆ. ಹೆಲ್ಮೆಟ್ ಮೇಲೆ ಒಂದೇ ಒಂದು ಹನಿ ನಿಂತಿದೆ, ಅದರೊಳಗೆ ಇಡೀ ಅಡಿಕೆ ತೋಟ ತಲೆಕೆಳಗಾಗಿ ಕಾಣಿಸ್ತಿದೆ. ಇದನ್ನು ಸ್ಟುಡಿಯೋದಲ್ಲಿ ಮಾಡಿ ತೋರಿಸಲಿ ಯಾರಾದರೂ. ಅಯ್ಯೋ, ಉಂಬಳ! ಕಾಲಿಗೆ ಹತ್ತಿದೆ. ಒಂದು ನಿಮಿಷ.

ಹಾಂ. ಕೊಳ್ಳುವ ವಿಷಯ. ಸಣ್ಣ ತಂಡಗಳು ಸ್ವಲ್ಪವೇ ಮಾಡಿಸಿ, ಹೇಳಿದ ಹೊತ್ತಿಗೆ ತಮ್ಮ ಸೈಟಿನಲ್ಲಿ ಮಾರಾಟಕ್ಕೆ ಬಿಡುತ್ತವೆ. ನ್ಯೂಯಾರ್ಕಿನ ರಾತ್ರಿ ಒಂಬತ್ತು ಅಂದರೆ ಅಲ್ಲಿನ ಬೇಸಿಗೆಯಲ್ಲಿ ನಮಗೆ ಬೆಳಿಗ್ಗೆ ಆರೂವರೆ, ಚಳಿಗಾಲದಲ್ಲಿ ಏಳೂವರೆ. ಆ ಹೊತ್ತಿಗೆ ಇಲ್ಲಿ ಕರೆಂಟೂ ನೆಟ್‌ವರ್ಕೂ ಒಟ್ಟಿಗೆ ಇದ್ದರೆ ಪುಣ್ಯ. ಅಂಚೆ ಖರ್ಚು ಬೇರೆ. ಸುಂಕವೂ ಸುಮ್ನೆ ಅಲ್ಲ: ಆಟಿಕೆ ಆಮದಿನ ಮೇಲಿನ ಮೂಲ ಸುಂಕ 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. ಆರ್ಡರ್ ಮಾಡುವ ಮೊದಲು ಈಗಿನ ದರ ನೋಡಿಕೊಂಡೇ ಮುಂದುವರಿಯಿರಿ.

ಹೊಸದಾಗಿ ಶುರು ಮಾಡುವವರು ಚಂದ ಇದೆ ಅಂತ ಒಂದನ್ನು ಮಾತ್ರ ತರಿಸಬೇಡಿ. ಒಂದೇ ಅಚ್ಚಿನವು, ಬೇರೆ ಬೇರೆ ಬಣ್ಣದವು, ಎರಡು ತಗೊಳ್ಳಿ. ಒಂದೇ ಇದ್ದರೆ ಬಿಚ್ಚಿದ್ದನ್ನು ಮತ್ತೆ ಅವನಿಗೇ ಹಾಕಬೇಕಾಗುತ್ತೆ.