ಮೊದಲು ಕೈ, ಆಮೇಲೆ ಮಷೀನು

ಕೇಳುಗರಿಗೆ ನಮಸ್ಕಾರ. ಇವತ್ತು ನಾನು ಮಾತಾಡುತ್ತಿರುವುದು ಮುಖ್ಯವಾಗಿ ನರ್ಸಿಂಗ್ ಓದುತ್ತಿರುವ ಹುಡುಗಿಯರ ಜೊತೆ, ಮತ್ತೆ ಅವರ ಅಪ್ಪ ಅಮ್ಮಂದಿರ ಜೊತೆ. ಮಿಡ್‌ವೈಫ್, ಅಂದರೆ ಓದಿ ಕಲಿತು ಹೆರಿಗೆ ಮಾಡಿಸುವವಳು, ಆಗಲು ಇಂಗ್ಲೆಂಡಿಗೆ ಹೋಗುತ್ತೇನೆ ಅಂತ ನನ್ನ ಹತ್ತಿರ ವಿಚಾರಿಸಲು ಬರುವವರು ಕೇಳುವುದೆಲ್ಲ ವೀಸಾ, ಫೀಸು, ಸಂಬಳ. ಅಲ್ಲಿ ದಿನ ಹೇಗಿರುತ್ತದೆ ಅಂತ ಯಾರೂ ಕೇಳುವುದಿಲ್ಲ. ನಾನು ಅಲ್ಲಿ ಕಲಿತು ಬಂದು ಈಗ ಇಲ್ಲಿ ಕಲಿಸುತ್ತಿರುವವಳು, ಹಾಗಾಗಿ ಅದನ್ನೇ ಹೇಳುತ್ತೇನೆ. ಒಂದು ಮಾತು ನೆನಪಿಟ್ಟುಕೊಂಡರೆ ಸಾಕು: ಈ ವಿದ್ಯೆ ಮೊದಲು ಕೈಗೆ ಹತ್ತಬೇಕು, ಕಿವಿಗೆ ಹತ್ತಬೇಕು. ಮಷೀನು ಆಮೇಲೆ.

ಇಂಗ್ಲೆಂಡಿನಲ್ಲಿ ಮಿಡ್‌ವೈಫ್ ಅಂದರೆ ಡಾಕ್ಟರಿಗೆ ಸಾಮಾನು ಎತ್ತಿಕೊಡುವವಳು ಅಂತ ಯಾರೂ ತಿಳಿಯುವುದಿಲ್ಲ. 1902ರಲ್ಲೇ ಅವರಿಗೆ ಕಾನೂನು ಬಂತು. ತೊಂದರೆಯಿಲ್ಲದ ಹೆರಿಗೆ ಶುರುವಿನಿಂದ ಕೊನೆವರೆಗೂ ಅವಳದೇ. ತೊಂದರೆ ಕಂಡರೆ ಡಾಕ್ಟರನ್ನು ಕರೆಯುವುದೂ ಅವಳೇ. ಅದಕ್ಕೇ ಕಲಿಕೆ ಅಷ್ಟು ಬಿಗಿ. ಮೂರು ವರ್ಷದಲ್ಲಿ ಸುಮಾರು 4,600 ಗಂಟೆ, ಅರ್ಧ ಕ್ಲಾಸಿನಲ್ಲಿ, ಅರ್ಧ ಬಸುರಿ ಬಾಣಂತಿಯರ ಹತ್ತಿರ. ಕೋರ್ಸು ಮುಗಿಯುವಷ್ಟರಲ್ಲಿ 40 ಹೆರಿಗೆ ನಿಮ್ಮ ಕೈಯಿಂದಲೇ ಆಗಿರಬೇಕು, 100 ಸಲ ಬಸುರಿಯರ ತಪಾಸಣೆ ಮಾಡಿರಬೇಕು. ಸುಮ್ನೆ ಪಕ್ಕದಲ್ಲಿ ನಿಂತು ನೋಡಿದ್ದು ಆ 40ಕ್ಕೆ ಸೇರುವುದಿಲ್ಲ.

ಬೆಳಗಿನ ಶಿಫ್ಟು ನನಗೆ ಏಳೂವರೆಗೆ ಶುರುವಾಗುತ್ತಿತ್ತು. ಡಿಸೆಂಬರಿನಲ್ಲಿ ಅಲ್ಲಿ ಸೂರ್ಯ ಹುಟ್ಟುವುದೇ ಎಂಟರ ಮೇಲೆ, ಬಸ್ಸಿಗೆ ಕತ್ತಲಲ್ಲೇ ಕಾಯಬೇಕು. ಹನ್ನೆರಡೂವರೆ ಗಂಟೆ ಡ್ಯೂಟಿ. ಮೊಣಕೈ ಕೆಳಗೆ ಏನೂ ಇರಬಾರದು, ಬಳೆ ಇಲ್ಲ, ಕೈಗೆ ವಾಚೂ ಇಲ್ಲ. ವಾಚನ್ನು ಎದೆಗೆ ತಲೆಕೆಳಗಾಗಿ ಪಿನ್ ಮಾಡಿಕೊಳ್ಳುತ್ತೇವೆ. ಆ ವಾಚೇ ನಮ್ಮ ದಿನ. ನೋವು ತಿನ್ನುತ್ತಿರುವ ತಾಯಿಯ ಪಕ್ಕ ಕೂತು, ಪ್ರತಿ ಹದಿನೈದು ನಿಮಿಷಕ್ಕೊಮ್ಮೆ, ಒಂದು ನೋವು ಬಂದು ಹೋದ ಕೂಡಲೇ, ಪೂರ್ತಿ ಒಂದು ನಿಮಿಷ ಮಗುವಿನ ಎದೆಬಡಿತ ಎಣಿಸಬೇಕು. ತಾಯಿ ಮುಕ್ಕಲು ಶುರುಮಾಡಿದ ಮೇಲೆ ಐದೈದು ನಿಮಿಷಕ್ಕೆ. ನಡುವೆ ಅವಳ ಸೊಂಟ ನೀವಬೇಕು, ನೀರು ಕುಡಿಸಬೇಕು, ಎಲ್ಲವನ್ನೂ ಟೈಮು ಹಾಕಿ ಬರೆಯಬೇಕು. ಹೆರಿಗೆಯಾದ ಮೇಲೆ ಮಾಸನ್ನು ಟ್ರೇಯಲ್ಲಿ ಬಿಡಿಸಿಟ್ಟು ಚೂರೂ ಒಳಗೆ ಉಳಿದಿಲ್ಲ ಅಂತ ಬೆರಳಲ್ಲೇ ನೋಡಬೇಕು, ಹೊಕ್ಕುಳಬಳ್ಳಿಯಲ್ಲಿ ಮೂರು ರಕ್ತನಾಳ ಎಣಿಸಬೇಕು. ಡಬ್ಬಿಯಲ್ಲಿ ಒಯ್ದ ಚಿತ್ರಾನ್ನಕ್ಕೆ ಕೈ ಹಾಕುವಾಗ ಮಧ್ಯಾಹ್ನ ಮೂರಾಗಿರುತ್ತದೆ. ನೋಡಿ, ಇದರಲ್ಲಿ ಎಷ್ಟು ಕೆಲಸ ಕೈಯದು!

ಒಂದು ಘಟನೆ ಹೇಳಲೇಬೇಕು. ನನಗೆ ಕಲಿಸುತ್ತಿದ್ದ ಮಿಡ್‌ವೈಫ್ ವಯಸ್ಸಾದವರು. ಅಲ್ಲಿ ಹಿರಿಯರನ್ನೂ ಹೆಸರು ಹಿಡಿದೇ ಕರೆಯಬೇಕು, ನನ್ನ ನಾಲಿಗೆಗೆ ಅದು ಬರಲು ತಿಂಗಳುಗಳೇ ಬೇಕಾದವು. ಮಗುವಿನ ಎದೆಬಡಿತ ಕೇಳಿಸುವ ಡಾಪ್ಲರ್ ಮಷೀನನ್ನು ಅವರು ಡ್ರಾಯರಿನಲ್ಲೇ ಇಟ್ಟಿರುತ್ತಿದ್ದರು, ಕೇಳಿದರೂ ಕೊಡುತ್ತಿರಲಿಲ್ಲ. ಒಂದು ದಿನ ಕ್ಲಿನಿಕ್ಕಿಗೆ ಚೊಚ್ಚಲ ಬಸುರಿ ಬಂದಳು, 36 ವಾರ. "ಮಗು ಹೇಗೆ ಮಲಗಿದೆ ಅಂತ ನೀನು ಹೇಳು, ಆಮೇಲೆ ನೋಡೋಣ" ಅಂದರು. ಕೈ ಉಜ್ಜಿ ಬಿಸಿ ಮಾಡಿಕೊಂಡೆ, ತಣ್ಣಗಿನ ಕೈ ತಾಗಿದರೆ ಹೊಟ್ಟೆ ಬಿಗಿಯುತ್ತದೆ. ಎರಡೂ ಅಂಗೈಯನ್ನು ಹೊಟ್ಟೆಯ ಮೇಲ್ಭಾಗದಲ್ಲಿ ಇಟ್ಟೆ. ಗುಂಡಗೆ, ಗಟ್ಟಿಯಾಗಿ ಏನೋ ಸಿಕ್ಕಿತು. ಮೆಲ್ಲಗೆ ಆಡಿಸಿದರೆ ಅದೊಂದೇ ಆಡುತ್ತಿದೆ, ಮೈ ಆಡುತ್ತಿಲ್ಲ. ಕುಂಡೆ ಮೆತ್ತಗಿರುತ್ತದೆ, ಅದನ್ನು ಆಡಿಸಿದರೆ ಇಡೀ ಮೈ ಜೊತೆಗೆ ಬರುತ್ತದೆ. ಹಾಗಾದರೆ ಇದು ತಲೆಯೇ. ಕೆಳಗೆ ಮುಟ್ಟಿದೆ, ಮೆತ್ತಗೆ. ಎಡಗಡೆ ಬೆನ್ನು, ನುಣುಪು.

ಆಮೇಲೆ ಪಿನಾರ್ಡ್ ತೆಗೆದುಕೊಂಡೆ. 19ನೇ ಶತಮಾನದ ಕೊನೆಯಲ್ಲಿ ಫ್ರಾನ್ಸಿನ ಡಾಕ್ಟರ್ ಅಡಾಲ್ಫ್ ಪಿನಾರ್ಡ್ ಮಾಡಿದ ಸಣ್ಣ ಕೊಳವೆ ಅದು. ಅಗಲದ ಬಾಯಿ ಹೊಟ್ಟೆಗೆ, ಈ ಕಡೆ ತುದಿಗೆ ಕಿವಿ ಒತ್ತಿ ಕೈ ಬಿಟ್ಟುಬಿಡಬೇಕು, ಕೈ ತಾಗಿದ್ದರೆ ಬರೀ ಗರಗರ. ಒಂದು ಬೆರಳು ತಾಯಿಯ ನಾಡಿಯ ಮೇಲೆ. ಮೊದಲು ಏನೂ ಇಲ್ಲ. ಕಿವಿ ಸರಿಸುತ್ತಾ ಹೊಕ್ಕುಳಿನಿಂದ ಮೇಲಕ್ಕೆ ಬಂದರೆ, ದಿಂಬಿನ ಕೆಳಗೆ ಗಡಿಯಾರ ಇಟ್ಟ ಹಾಗೆ ಟಿಕ್ ಟಿಕ್ ಟಿಕ್. ನಿಮಿಷಕ್ಕೆ 140. ಮಗು ತಲೆ ಕೆಳಗಾಗಿದ್ದರೆ ಆ ಸದ್ದು ಹೊಕ್ಕುಳಿನ ಕೆಳಗೆ ಸಿಗಬೇಕಿತ್ತು. "ತಲೆ ಮೇಲಿದೆ" ಅಂದೆ. ಅವರು ತಾವೂ ಒಮ್ಮೆ ಮುಟ್ಟಿ ನೋಡಿ, ಏನೂ ಮಾತಾಡದೆ ಸ್ಕ್ಯಾನಿಗೆ ಚೀಟಿ ಬರೆದರು. ಸ್ಕ್ಯಾನೂ ಅದನ್ನೇ ಹೇಳಿತು. ಹೆರಿಗೆಗೆ ತಲೆ ಕೆಳಗೆ ಬರಲಿ ಅಂತ ಮುಂದಿನ ವಾರ ಡಾಕ್ಟರು ಹೊಟ್ಟೆಯ ಮೇಲಿಂದ ಎರಡೂ ಕೈಯಲ್ಲಿ ಒತ್ತಿ ಮಗುವನ್ನು ತಿರುಗಿಸಿದರು. ಹೆಚ್ಚುಕಡಿಮೆ ಅರ್ಧದಷ್ಟು ಜನರಲ್ಲಿ ಮಾತ್ರ ಅದು ಆಗುತ್ತದೆ, ಈ ತಾಯಿಗೆ ಆಯಿತು. ನಾನು ಅವಳ ಕೈ ಹಿಡಿದು ನಿಂತಿದ್ದೆ, ಹೊಟ್ಟೆಯ ಆಕಾರವೇ ಬದಲಾಗುವುದನ್ನು ಕಣ್ಣಾರೆ ನೋಡಿದೆ. ಅವಳ ಹೆರಿಗೆ ಬೇರೆಯವರ ಶಿಫ್ಟಿನಲ್ಲಿ ಆಯಿತು ಅಂತ ಆಮೇಲೆ ಗೊತ್ತಾಯಿತು.

ಮಷೀನು ಬೇಡ ಅಂತ ನಾನು ಹೇಳುತ್ತಿಲ್ಲ. ಆದರೆ ಡಾಪ್ಲರ್ ಕೆಲವು ಸಲ ತಾಯಿಯ ನಾಡಿಯನ್ನೇ ಹಿಡಿದು ಮಗುವಿನದು ಅನ್ನಿಸಿಬಿಡುತ್ತದೆ. ಪಿನಾರ್ಡಿನಲ್ಲಿ ಕಿವಿಗೆ ಬೀಳುವುದು ಮಗುವಿನ ಎದೆಯ ಸದ್ದೇ. ಅದಕ್ಕೇ ಮೊದಲು ಕೈ, ಮೊದಲು ಕಿವಿ! ನಮ್ಮ ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಕೊಟ್ಟರಲ್ಲ, ಅವರ ಹತ್ತಿರ ಯಾವ ಮಷೀನಿತ್ತು ಹೇಳಿ?

ಸಮಯ ಜಾಸ್ತಿ ಉಳಿದಿಲ್ಲ, ಅಪ್ಪ ಅಮ್ಮಂದಿರಿಗೆ ಹೇಳಬೇಕಾದ್ದನ್ನು ಬೇಗ ಹೇಳುತ್ತೇನೆ. ವಾರ್ಡಿನಲ್ಲಿ ದುಡಿದ ಗಂಟೆಗಳಿಗೆ ಸಂಬಳವಿಲ್ಲ, ಅದು ಓದಿನ ಭಾಗ. ವಿದ್ಯಾರ್ಥಿ ವೀಸಾದಲ್ಲಿ ಟರ್ಮ್ ನಡೆಯುವಾಗ ಹೊರಗೆ ವಾರಕ್ಕೆ 20 ಗಂಟೆಗಿಂತ ಜಾಸ್ತಿ ಕೆಲಸ ಮಾಡುವಂತಿಲ್ಲ, ಶಿಫ್ಟುಗಳ ನಡುವೆ ಅಷ್ಟೂ ಆಗುವುದಿಲ್ಲ. ದುಡ್ಡಿನ ಲೆಕ್ಕ ಮೊದಲೇ ಹಾಕಿ. ಮಗು ಉಳಿಯದ ದಿನಗಳೂ ಬರುತ್ತವೆ, ಅವತ್ತು ಮಗಳು ಫೋನಿನಲ್ಲಿ ಸುಮ್ಮನಿದ್ದರೆ ದಯವಿಟ್ಟು ಊಟದ ಬಗ್ಗೆ ಕೆದಕಬೇಡಿ, ಲೈನಿನಲ್ಲಿ ಇರಿ ಅಷ್ಟೆ. ಹೊರದೇಶಕ್ಕೆ ಹೋಗಲು ಆಗದವರು ಬೇಜಾರು ಮಾಡಿಕೊಳ್ಳಬೇಡಿ, 2018ರಲ್ಲಿ ಕೇಂದ್ರ ಸರ್ಕಾರ ತಂದ ಮಾರ್ಗಸೂಚಿಯ ಪ್ರಕಾರ ನಮ್ಮಲ್ಲೂ ನರ್ಸುಗಳಿಗೆ 18 ತಿಂಗಳ ಮಿಡ್‌ವೈಫ್ ತರಬೇತಿ ಇದೆ, ವಿಚಾರಿಸಿ.

ಇನ್ನು ಹುಡುಗಿಯರಿಗೆ. ನಿಮ್ಮ ಕಾಲೇಜಿನ ಲ್ಯಾಬಿನಲ್ಲೂ ಒಂದು ಪಿನಾರ್ಡ್ ಇದ್ದೇ ಇರುತ್ತದೆ, ಬೀರುವಿನೊಳಗೆ ಬೀಗ ಹಾಕಿ ಇಟ್ಟಿರುತ್ತಾರೆ. ಬೀಗದ ಕೈ ಕೇಳಿ ತೆಗೆಸಿ. ಬಸುರಿಯರ ಓಪಿಡಿಗೆ ನಿಮ್ಮ ಪೋಸ್ಟಿಂಗ್ ಬಿದ್ದ ದಿನ ಜೊತೆಗೆ ಒಯ್ಯಿರಿ, ಸಿಸ್ಟರಿಗೂ ಆ ತಾಯಿಗೂ ಕೇಳಿಕೊಂಡು ಕಿವಿ ಇಡಿ. ಮೊದಲ ದಿನವೇ ಕೇಳಿಸದಿದ್ದರೆ ಮಾರನೇ ದಿನ ಮತ್ತೆ ಇಡಿ. ನಮಸ್ಕಾರ.