ಒಗೆದ ಬಟ್ಟೆಗೆ ಮುಗ್ಗಲು ವಾಸನೆ ಯಾಕೆ?

ಕೇಳುಗರೆಲ್ಲರಿಗೂ ನಮಸ್ಕಾರ.

ಆಷಾಢ ಬಂತು ಅಂದರೆ ನಮ್ಮ ದಾವಣಗೆರೆಯಲ್ಲಿ ಮಳೆ ಸುರಿಯುವುದಕ್ಕಿಂತ ಮೋಡ ಕವಿಯುವುದೇ ಜಾಸ್ತಿ. ಬೆಳಿಗ್ಗೆ ನಾಲ್ಕು ಹನಿ, ಮಧ್ಯಾಹ್ನ ನಾಲ್ಕು ಹನಿ. ತಂತಿಯ ಮೇಲಿನ ಬಟ್ಟೆಯನ್ನು ಓಡಿ ಹೋಗಿ ತರುವುದು, ಮತ್ತೆ ಹೋಗಿ ಹಾಕುವುದು. ಸಂಜೆ ಮುಟ್ಟಿ ನೋಡಿದರೆ ಇನ್ನೂ ತಣ್ಣಗೇ ಇರುತ್ತದೆ. ಕೊನೆಗೆ ಕುರ್ಚಿಯ ಬೆನ್ನಿಗೆ, ಬಾಗಿಲಿಗೆ, ಕಿಟಕಿಯ ಸರಳಿಗೆ ಹರಡಿ ಮಲಗುತ್ತೇವೆ. ಮರುದಿನ ಮಡಚುವಾಗ ಮುಗ್ಗಲು ವಾಸನೆ ಮೂಗಿಗೆ ಬಡಿಯುತ್ತದೆ.

ನನ್ನ ಮಗ ಕಾಲೇಜಿಗೆ ಹೋಗುತ್ತಾನೆ. ಹೋದ ಮಳೆಗಾಲದಲ್ಲಿ ಒಂದು ದಿನ ಸಪ್ಪೆ ಮುಖ ಮಾಡಿಕೊಂಡು ಬಂದ. "ಅಮ್ಮಾ, ಒಗೆದಿರೋ ಅಂಗೀನೇ ಹಾಕ್ಕೊಂಡು ಹೋಗಿದ್ದೆ. ಬಸ್ಸಲ್ಲಿ ಸ್ವಲ್ಪ ಬೆವರಿದ ಕೂಡಲೇ ವಾಸನೆ ಬರೋಕೆ ಶುರುವಾಯ್ತು. ಪಕ್ಕದಲ್ಲಿ ಕೂತಿದ್ದೋರು ಎದ್ದು ಹೋದ್ರು" ಅಂದ. ನನಗೆ ಅವತ್ತು ಊಟ ಸೇರಲಿಲ್ಲ. ಬೆಳಿಗ್ಗೆ ಅದೇ ಅಂಗಿಯನ್ನು ನಾನೇ ಇಸ್ತ್ರಿ ಮಾಡಿ ಕೊಟ್ಟಿದ್ದೆ. ಆಗ ವಾಸನೆ ಇರಲೇ ಇಲ್ಲ.

ನಾವು ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಪೌಡರ್ ಜಾಸ್ತಿ ಹಾಕಿದೆ. ಘಮಘಮ ಅನ್ನುವ ದ್ರಾವಣ ತಂದು ಕೊನೆಯ ನೀರಿಗೆ ಸುರಿದೆ. ಎರಡು ದಿನ ಮಲ್ಲಿಗೆ, ಮೂರನೆಯ ದಿನ ಮಲ್ಲಿಗೆಯ ಜೊತೆಗೆ ಮುಗ್ಗಲು. ಅದು ಇನ್ನೂ ಕೆಟ್ಟದು.

ಆ ವಾಸನೆ ನೀರಿನದ್ದೂ ಅಲ್ಲ, ಸೋಪಿನದ್ದೂ ಅಲ್ಲ. ಬಟ್ಟೆಯಲ್ಲಿ ಬದುಕಿರುವ ಸೂಕ್ಷ್ಮಜೀವಿಗಳದ್ದು. 2012ರಲ್ಲಿ ಜಪಾನಿನ ಸಂಶೋಧಕರು ಇದನ್ನು ಹುಡುಕಿ ಹೊರಟು, ಮೊರಾಕ್ಸೆಲ್ಲಾ ಓಸ್ಲೊಯೆನ್ಸಿಸ್ ಎಂಬ ಒಂದು ಬ್ಯಾಕ್ಟೀರಿಯಾವನ್ನು ಹೆಸರಿಸಿದರು. ನಮ್ಮ ಮೈಯ ಎಣ್ಣೆ, ಬೆವರು ಬಟ್ಟೆಯ ಎಳೆಯಲ್ಲಿ ಉಳಿದಿರುತ್ತದಲ್ಲ, ಇದು ಅದನ್ನು ತಿಂದು ಕಮಟು ವಾಸನೆಯ ಒಂದು ಆಮ್ಲ ಬಿಡುತ್ತದೆ. ಬಟ್ಟೆ ಒಣಗಿದರೂ ಇದು ಸಾಯುವುದಿಲ್ಲ. ಸುಮ್ಮನೆ ಕೂತಿರುತ್ತದೆ. ಮತ್ತೆ ತೇವ ಸಿಕ್ಕಿತೋ, ಕೆಲಸ ಶುರು. ಬೀರುವಿನಲ್ಲಿ ಚೆನ್ನಾಗಿದ್ದ ಅಂಗಿ ಬಸ್ಸಿನಲ್ಲಿ ನಾರಿದ್ದು ಇದಕ್ಕೇ.

ಪೌಡರ್ ಜಾಸ್ತಿ ಹಾಕಿದರೆ ಯಾಕೆ ಹೋಗಲಿಲ್ಲ? ಇಲ್ಲಿ ನಮ್ಮ ಊರಿನ ನೀರಿನ ಮಾತು ಬರುತ್ತದೆ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಬಟ್ಟೆಗೆ ಬೋರಿನ ನೀರೇ ಗತಿ. ಆ ಗಡಸು ನೀರಿನಲ್ಲಿ ನೊರೆ ಏಳುವುದಿಲ್ಲ. ನೊರೆ ಬರಲಿಲ್ಲ ಅಂತ ಇನ್ನೊಂದು ಹಿಡಿ ಹಾಕುತ್ತೇವೆ. ಆಮೇಲೆ ನೀರು ಉಳಿಸಬೇಕು ಅಂತ ಒಂದೇ ಸಲ ಜಾಲಿಸುತ್ತೇವೆ. ಅಂಟಿದ ಸೋಪು ಹಾಗೇ ಉಳಿಯುತ್ತದೆ, ಅದಕ್ಕೆ ಕೊಳೆ ಹಿಡಿಯುತ್ತದೆ. ಘಮಘಮದ ದ್ರಾವಣವೂ ಎಳೆಯ ಮೇಲೆ ಒಂದು ಪದರ ಕಟ್ಟುತ್ತದೆ. ಟವೆಲ್ಲಿಗೆ ಅದನ್ನು ಹಾಕಲೇಬೇಡಿ. ಅದು ಮೈಯ ನೀರನ್ನು ಸರಿಯಾಗಿ ಹೀರುವುದಿಲ್ಲ.

ನೀರು ಕಡಿಮೆ ಇದ್ದರೆ ಮೊದಲ ಸಲ ಜಾಲಿಸುವುದಕ್ಕೆ ಹಿಂದಿನ ಬಟ್ಟೆಯ ಕೊನೆಯ ನೀರು ಬಳಸಿ, ಪರವಾಗಿಲ್ಲ. ಆದರೆ ಕಟ್ಟಕಡೆಯ ಬಕೆಟ್ ಮಾತ್ರ ತಿಳಿನೀರೇ ಇರಲಿ. ಪೌಡರ್ ಅರ್ಧ ಮಾಡಿ, ಅದರ ಜೊತೆಗೆ ಒಂದು ಚಮಚ ಒಗೆಯುವ ಸೋಡಾ ಹಾಕಿ. ಗಡಸು ನೀರು ಸ್ವಲ್ಪ ಮೆದುವಾಗುತ್ತದೆ.

ನನಗೆ ದಾರಿ ತೋರಿಸಿದವರು ನಮ್ಮ ಓಣಿಯ ಒಬ್ಬ ಅಜ್ಜಿ. ಮಡಿವಾಳರ ಮನೆತನ, ತವರು ಹರಿಹರದ ಕಡೆ. ನನ್ನ ಗೋಳು ಕೇಳಿ ಅವರು, "ನೀವೀಗ ತಣ್ಣೀರಾಗೆ ಅದ್ದಿ ತೆಗಿತೀರಿ. ನಮ್ಮಪ್ಪ ಉಬ್ಬೆ ಹಾಕ್ತಿದ್ದ. ಹಬೇಲಿ ಬೆಂದ ಬಟ್ಟೆಗೆ ಮುಗ್ಗಲು ಎಲ್ಲಿಂದ ಬರ್ತೈತವ್ವ?" ಅಂದರು.

ಉಬ್ಬೆ ಅಂದರೆ ಚಿಕ್ಕವರಿಗೆ ಗೊತ್ತಿರಲಿಕ್ಕಿಲ್ಲ. ಬಟ್ಟೆಯನ್ನು ಸೌಳಿನ, ಅಂದರೆ ಕ್ಷಾರದ ಮಣ್ಣಿನ, ನೀರಿನಲ್ಲಿ ಅದ್ದಿ, ಒಲೆಯ ಮೇಲೆ ಒಟ್ಟಿ, ಹಬೆಯಲ್ಲಿ ಬೇಯಿಸುತ್ತಿದ್ದರು. ಆಮೇಲೆ ತುಂಗಭದ್ರೆಯ ದಂಡೆಗೆ ಒಯ್ದು, ಕಲ್ಲಿಗೆ ಬಡಿದು, ಹರಿಯುವ ನೀರಿನಲ್ಲಿ ಜಾಲಿಸಿ ಬಿಸಿಲಿಗೆ ಹರಡುತ್ತಿದ್ದರು. ಕ್ಷಾರ, ಶಾಖ, ಹರಿಯುವ ನೀರು, ಬಿಸಿಲು. ಸೂಕ್ಷ್ಮಜೀವಿಯ ಹೆಸರು ಅವರಿಗೆ ಬೇಕಾಗಿರಲಿಲ್ಲ, ಅದನ್ನು ಕೊಲ್ಲುವುದು ಗೊತ್ತಿತ್ತು. ಇಷ್ಟು ದೊಡ್ಡ ತಿಳಿವಳಿಕೆಯನ್ನು ನಾವು ಸರಿಯಾಗಿ ಗೌರವಿಸಲಿಲ್ಲ ಅಂತ ನನಗೆ ಅನ್ನಿಸುತ್ತದೆ.

ಮನೆಯಲ್ಲಿ ಉಬ್ಬೆ ಹಾಕುವುದಕ್ಕಾಗುವುದಿಲ್ಲ. ನಾನು ಮಾಡುವುದು ಇಷ್ಟು. ಟವೆಲ್, ಬನಿಯನ್ನು, ಬಿಳಿ ಹತ್ತಿ ಬಟ್ಟೆಗಳನ್ನು ಒಂದು ಸ್ಟೀಲ್ ಪಾತ್ರೆಯಲ್ಲಿ ಹಾಕಿ, ತಣ್ಣೀರು ಎಷ್ಟೋ ಅಷ್ಟೇ ಕುದಿಯುವ ನೀರು ಸುರಿಯುತ್ತೇನೆ. ಹತ್ತಿರ ಹತ್ತಿರ 60 ಡಿಗ್ರಿ ಆಗುತ್ತದೆ. ಎರಡು ಚಮಚ ಒಗೆಯುವ ಸೋಡಾ ಹಾಕಿ, ಮುಚ್ಚಿ, ಅರ್ಧ ಗಂಟೆ ಬಿಟ್ಟು, ಆಮೇಲೆ ಎಂದಿನಂತೆ ಒಗೆಯುತ್ತೇನೆ. ಕೈ ಹಾಕಬೇಡಿ, ಕೋಲಿನಿಂದ ಒತ್ತಿ. ಮಕ್ಕಳನ್ನು ದೂರ ಇಡಿ. ರೇಷ್ಮೆ, ಉಣ್ಣೆ, ಬಣ್ಣ ಬಿಡುವ ಬಟ್ಟೆಗೆ ಇದು ಬೇಡ.

ಮಗನ ಅಂಗಿ ಪಾಲಿಯೆಸ್ಟರ್. ಅದು ಮೈಯ ಎಣ್ಣೆಯನ್ನು ಹತ್ತಿಗಿಂತ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಅದಕ್ಕೆ ಅರ್ಧ ಬಕೆಟ್ ನೀರಿಗೆ ಒಂದು ಲೋಟ ಬಿಳಿ ವಿನೆಗರ್ ಹಾಕಿ ಅರ್ಧ ಗಂಟೆ ನೆನೆಸಿ, ಕಂಕುಳ ಜಾಗಕ್ಕೆ ಸೋಪು ಹಚ್ಚಿ ತಿಕ್ಕಿ ಒಗೆದೆ. ಎರಡು ಸಲಕ್ಕೆ ವಾಸನೆ ಹೋಯಿತು. ಒಂದು ಮಾತು ದಯವಿಟ್ಟು ನೆನಪಿಡಿ. ವಿನೆಗರ್ ಮತ್ತು ಬ್ಲೀಚಿಂಗ್ ಪೌಡರ್, ಅಥವಾ ಯಾವುದೇ ಕ್ಲೋರಿನ್ ಬ್ಲೀಚ್, ಎಂದೂ ಸೇರಿಸಬೇಡಿ. ವಿಷದ ಗಾಳಿ ಏಳುತ್ತದೆ.

ಹಾಸ್ಟೆಲ್ಲಿನ ಹುಡುಗರಿಗೆ ಒಂದು ಮಾತು. ರಾತ್ರಿ ಬಕೆಟ್ಟಿನಲ್ಲಿ ನೆನೆಸಿಟ್ಟು ಮರುದಿನ ಸಂಜೆ ಒಗೆಯುತ್ತೀರಲ್ಲ, ಮುಗ್ಗಲು ಅಲ್ಲೇ ಹುಟ್ಟುತ್ತದೆ. ಅರ್ಧ ಗಂಟೆ ನೆನೆದರೆ ಸಾಕು. ಬೆವರಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ಮೊಳೆಗೆ ನೇತುಹಾಕಿ.

ಇನ್ನು ಒಣಗಿಸುವುದು. ಬಿಸಿಲಿಲ್ಲ ಅಂತ ನಾವು ಕೈ ಚೆಲ್ಲುತ್ತೇವೆ. ಆದರೆ ಚಿತ್ರದುರ್ಗದ ಗುಡ್ಡಗಳ ಮೇಲೆ ಸಾಲು ಸಾಲು ಗಾಳಿಯಂತ್ರಗಳು ನಿಂತಿವೆ ಅಲ್ವಾ? ಅವು ಜೋರಾಗಿ ತಿರುಗುವುದೇ ಈ ಮಳೆಗಾಲದಲ್ಲಿ. ನಮಗೆ ಬಿಸಿಲು ಕಡಿಮೆ ಇರಬಹುದು, ಗಾಳಿಗೆ ಬರ ಇಲ್ಲ. ಮಾಳಿಗೆಯ ಮೇಲೆ ಒಂದು ತಗಡಿನ ಮಾಡು ಇದ್ದರೆ ಅದರ ಕೆಳಗೇ ಹಗ್ಗ ಕಟ್ಟಿ. ಬಟ್ಟೆಯಿಂದ ಬಟ್ಟೆಗೆ ಒಂದು ಗೇಣು ಜಾಗ ಬಿಡಿ. ಪ್ಯಾಂಟನ್ನು ಒಳಮಗ್ಗುಲು ಹೊರಗೆ ಮಾಡಿ, ಜೇಬು ಹೊರಗೆಳೆದು, ಸೊಂಟದ ಕಡೆಯಿಂದ ತೂಗುಹಾಕಿ. ಅಂಗಿಯನ್ನು ಹ್ಯಾಂಗರಿಗೆ ಹಾಕಿ.

ಮನೆಯೊಳಗೇ ಒಣಗಿಸಬೇಕಾದರೆ ಫ್ಯಾನ್ ಹಾಕಿ, ಒಂದು ಕಿಟಕಿ ತೆರೆದಿಡಿ. ಮುಚ್ಚಿದ ಕೋಣೆಯಲ್ಲಿ ಬಟ್ಟೆಯ ನೀರು ಗಾಳಿಗೆ ಸೇರಿ ಅಲ್ಲೇ ಸುತ್ತುತ್ತಿರುತ್ತದೆ. ತುರ್ತು ಇದ್ದರೆ ಒದ್ದೆ ಅಂಗಿಯನ್ನು ಒಣ ಟವೆಲ್ಲಿನಲ್ಲಿ ಸುರುಳಿ ಸುತ್ತಿ ಒತ್ತಿ ಹಿಂಡಿ. ಎಷ್ಟೋ ನೀರು ಟವೆಲ್ಲಿಗೇ ಹೋಗುತ್ತದೆ. ಇಸ್ತ್ರಿ ಮಾಡಿದ ಕೂಡಲೇ ಮಡಚಿ ಬೀರುವಿಗೆ ಇಡಬೇಡಿ, ಬಿಸಿ ಆರುವ ತನಕ ಹೊರಗಿರಲಿ.

ಇಷ್ಟೆಲ್ಲ ಮಾಡಿದರೂ ಮಷಿನ್ನಿನಲ್ಲಿ ಒಗೆದ ಬಟ್ಟೆ ಮುಗ್ಗಿದರೆ, ಮಷಿನ್ನನ್ನೇ ಒಮ್ಮೆ ಮೂಸಿ ನೋಡಿ. ಮುಂದೆ ಬಾಗಿಲಿರುವ ಮಷಿನ್ನಾದರೆ ಬಾಗಿಲ ಸುತ್ತಲಿನ ರಬ್ಬರಿನ ಮಡಿಕೆಯನ್ನು ಬೆರಳಿನಿಂದ ಬಿಡಿಸಿ. ಒಳಗೆ ಕಪ್ಪು ಲೋಳೆ ಇರುತ್ತದೆ. ಅದನ್ನು ಒರೆಸಿ. ಪೌಡರ್ ಹಾಕುವ ಡಬ್ಬಿ, ನೀರು ಸೋಸುವ ಜಾಲರಿ ತೊಳೆಯಿರಿ. ತಿಂಗಳಿಗೊಮ್ಮೆ ಬಟ್ಟೆ ಹಾಕದೆ ಬಿಸಿನೀರಿನಲ್ಲಿ ಓಡಿಸಿ. ಒಗೆದು ಮುಗಿದ ಬಟ್ಟೆಯನ್ನು ಒಳಗೇ ಬಿಟ್ಟು ಮರೆಯಬೇಡಿ. ಬಟ್ಟೆ ತೆಗೆದ ಮೇಲೆ ಬಾಗಿಲು ಸ್ವಲ್ಪ ತೆರೆದೇ ಇರಲಿ, ಒಳಗೆ ಗಾಳಿ ಆಡಲಿ.

ನಮಸ್ಕಾರ.